ಅವ್ವನ ಮೀಸೆಮೀನು

ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದೆ. ಕೈತುಂಬ ಹಿಟ್ಟು, ಮೈತುಂಬ ಬಿಸಿಲು. ಅಷ್ಟರಲ್ಲಿ ಫೋನು ಬಾಯಿ ಮಾಡಿತು. ಸಂಡಿಗೆ ಇಡುವಾಗ ನಾನು ಫೋನು ಎತ್ತುವವಳಲ್ಲ (ಹಿಟ್ಟು ಆರಿದರೆ ಸಂಡಿಗೆ ಕೆಡುತ್ತದೆ, ಫೋನು ಕೆಡುವುದಿಲ್ಲ). ಆದರೆ ಬಾಗಲಕೋಟೆಯ ತಮ್ಮನ ಹೆಸರು ಕಂಡಿತು. ಮೊಣಕೈಯಿಂದ ಒತ್ತಿ ಸ್ಪೀಕರ್‌ಗೆ ಹಾಕಿದೆ.

“ಅಕ್ಕಾ, ಹಿನ್ನೀರು ಸರದೈತಿ. ನಮ್ಮ ಮನಿ ಕಟ್ಟಿ ಕಾಣಾಕತ್ತೈತಿ.”

ಸೌಟಿನಲ್ಲಿದ್ದ ಹಿಟ್ಟು ಒಂದೇ ಕಡೆ ಬಿತ್ತು. ಸಂಡಿಗೆ ಹೋಗಿ ದೋಸೆಯಾಯಿತು.

“ಖರೇನ ಮಲ್ಲು?”

“ಖರೆ. ನಿನ್ನೆ ಹೋಗಿ ಅದರ ಮ್ಯಾಲೆ ನಿಂತು ಬಂದೀನಿ. ನೀ ಮೀನು ತಗೊಂಡು ಬಾ. ಮತ್ತ ನೀರು ಏರೂದರಾಗ ಅವ್ವನ ಮಾತು ನಡಿಸಿಬಿಡೂನು.”

ಮನೆಯ ಕಟ್ಟೆಗೂ ಮೀನಿಗೂ ಏನು ಸಂಬಂಧ ಎನ್ನುತ್ತೀರಾ? ತುಸು ಹಿಂದಕ್ಕೆ ಹೋಗಬೇಕು.

ನನ್ನ ತವರುಮನೆ ಹಳೆ ಬಾಗಲಕೋಟೆಯ ಹೊಳೆದಂಡೆಯ ಓಣಿಯಲ್ಲಿತ್ತು. ಅಣೆಕಟ್ಟು ಆದಮೇಲೆ ಓಣಿಗೆ ಓಣಿಯೇ ಹಿನ್ನೀರಿನಲ್ಲಿ ಮುಳುಗಿತು. ಅವ್ವ, ತಮ್ಮ ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೋದರು. ನಾನು ಆಗಲೇ ಇಳಕಲ್ಲಿಗೆ ಸೊಸೆಯಾಗಿ ಬಂದಿದ್ದೆ. ಬೇಸಿಗೆಯಲ್ಲಿ ನೀರು ತೀರಾ ಕೆಳಗೆ ಇಳಿದರೆ ಮಾತ್ರ ಹಳೆಯ ಮನೆಗಳ ಕಲ್ಲುಗಳು ಮೇಲೆ ಬರುತ್ತವೆ. ಅದೂ ಪ್ರತಿ ವರ್ಷವಲ್ಲ. ಊರ ಹೆಣ್ಣುಮಕ್ಕಳೆಲ್ಲ ಪಂಚಮಿಗೆ ತವರಿಗೆ ಹೋಗುತ್ತಾರೆ. ಪಂಚಮಿಯ ಹೊತ್ತಿಗೆ ನನ್ನ ತವರಿನ ಮೇಲೆ ಆಳೆತ್ತರ ನೀರು ನಿಂತಿರುತ್ತದೆ.

ನವನಗರದಲ್ಲಿ ತಮ್ಮನ ಮನೆ ಇದೆಯಲ್ಲ, ಅದು ತವರಲ್ಲವೇ? ತವರೇ. ಹೋದರೆ ತಮ್ಮನ ಹೆಂಡತಿ ಗಿರಿಜಾ ಹೋಳಿಗೆ ಮಾಡದೆ ಕಳಿಸುವುದಿಲ್ಲ. ಆ ಪುಣ್ಯಕ್ಕೆ ಕಡಿಮೆಯಿಲ್ಲ. ಆದರೂ ನಾನು ಅಂಬೆಗಾಲಿಟ್ಟ ನೆಲ ಅದಲ್ಲ ನೋಡಿ.

ಇನ್ನು ಮೀನಿನ ಕಥೆ.

ತಮ್ಮನ ಮಗಳು ಸಹನಾ ಪಿಯುಸಿ ಓದುವಾಗ ಅಜ್ಜಿಗೆಂದು ಒಂದು ಮೀನು ತಂದಳು. ಅವ್ವನಿಗೆ ಮೊಣಕಾಲು ನೋವು, ದಿನವಿಡೀ ಕುಳಿತಲ್ಲೇ ಕೂರಬೇಕು. ನೋಡಲು ಏನಾದರೂ ಇರಲಿ ಎಂದು ಗಾಜಿನ ಪೆಟ್ಟಿಗೆಯೊಳಗೆ ಬೆರಳುದ್ದದ ಮೀನು. ಕರಿಬೆನ್ನು, ಬೆಳ್ಳಿಹೊಟ್ಟೆ, ಬಾಯಿಯ ಹತ್ತಿರ ಎಳೆ ಎಳೆ ಮೀಸೆ. ಅಂಗಡಿಯವನು ಅದನ್ನು ಶಾರ್ಕ್ ಎಂದು ಮಾರಿದ್ದ. ಶಾರ್ಕೂ ಅಲ್ಲ, ಗೀರ್ಕೂ ಅಲ್ಲ. ಕ್ಯಾಟ್‌ಫಿಶ್ ಜಾತಿಯದು. ನಾವು ಮೀಸೆಮೀನು ಎಂದೆವು.

“ಇದೆಲ್ಲಿಂದ ಬಂತ ಯವ್ವಾ?” ಎಂದಳು ಅವ್ವ.

“ಹೊಳಿಯಿಂದ, ಅಜ್ಜಿ,” ಎಂದಳು ಹುಡುಗಿ. ಮೀನು ಮತ್ತೆಲ್ಲಿಂದ ಬರುತ್ತದೆ ಎಂದು ಸುಮ್ಮನೆ ಹೇಳಿದ ಮಾತು.

ಅವ್ವನಿಗೆ ಅಷ್ಟು ಸಾಕಾಯಿತು. ಹೊಳೆ ಎಂದರೆ ನಮ್ಮ ಹೊಳೆ. ನಮ್ಮ ಹೊಳೆ ಎಂದರೆ ನಮ್ಮ ಮನೆ. ಅಂದಿನಿಂದ ಮುಂಜಾನೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮೀನಿನ ಮುಂದೆ ಕುರ್ಚಿ ಎಳೆದು ಕೂರುವಳು. “ಏನಪಾ, ಅಡಗಿಮನ್ಯಾಗ ನೀರು ಎಷ್ಟೈತಿ? ಜಗಲಿ ಮ್ಯಾಲೆ ಯಾರರ ದೀಪಾ ಹಚ್ತಾರೇನ? ಒಳಕಲ್ಲು ಹಾಂಗ ಐತೇನ?” ಮೀನು ಬಾಯಿ ತೆರೆದು ಮುಚ್ಚುವುದು. ಅವ್ವ ತಲೆಯಾಡಿಸುವಳು. ಇಬ್ಬರಿಗೂ ಮಾತು ತಿಳಿಯುತ್ತಿತ್ತು, ನಮಗೇ ತಿಳಿಯುತ್ತಿರಲಿಲ್ಲ.

ಮೀನಿನ ಕಾಳು ಡಬ್ಬಿಯಲ್ಲಿ ಬರುತ್ತದಲ್ಲ, ಅದರ ಮೇಲೆ ಏನು ಬರೆದಿದೆ ಓದು ಎಂದು ಒಂದು ದಿನ ಮೊಮ್ಮಗಳನ್ನು ಕೇಳಿದಳು. ಅವಳು ಓದಿದಳು. ಅದರಲ್ಲಿ ಮೀನಿನ ಪುಡಿಯೂ ಇತ್ತು.

“ಶಿವಶಿವಾ, ಮೀನಿಗೆ ಮೀನ ತಿನಸ್ತೀರೇನ? ನಮ್ಮ ಮನ್ಯಾಗ?”

ಡಬ್ಬಿ ಹಿತ್ತಲಿಗೆ ಹೋಯಿತು. ಲಿಂಗ ಕಟ್ಟಿಕೊಂಡ ಮನೆಗೆ ಬಂದಮೇಲೆ ಮೀನೂ ಮನೆಯ ನಡೆಯಲ್ಲೇ ನಡೆಯಬೇಕಲ್ಲ? ರೊಟ್ಟಿ ಪುಡಿ, ಅನ್ನದ ಅಗುಳು, ಬೇಯಿಸಿದ ಬಟಾಣಿ. ಶ್ರಾವಣ ಸೋಮವಾರ ಬಂದರೆ ಸಂಜೆಯವರೆಗೆ ಉಪವಾಸ. ನೀವು ನಗುತ್ತೀರಿ. ನಾವೂ ನಕ್ಕೆವು. ಆದರೆ ಒಂದು ವರ್ಷವಾದರೂ ಮೀನು ಬೆರಳುದ್ದದಿಂದ ಅಂಗೈಯುದ್ದಕ್ಕೆ ಬರಲು ಒದ್ದಾಡಿತು. ಆಮೇಲೆ ಸಹನಾ ಅಜ್ಜಿಯ ಕಣ್ಣು ತಪ್ಪಿಸಿ ಕಾಳು ಹಾಕತೊಡಗಿದಳು, ವಾರಕ್ಕೊಮ್ಮೆ ತುಸು ನೀರು ತೆಗೆದು ಹೊಸ ನೀರು ಬೆರೆಸಿದಳು. ನೋಡನೋಡುತ್ತ ಅದು ಗೇಣುದ್ದವಾಯಿತು.

ಅವ್ವ ಹೇಳಿದ್ದೇನು ಗೊತ್ತೇ? “ನೋಡ್ರಿ, ರೊಟ್ಟಿ ಉಂಡ ಜೀವ ಹೆಂಗ ಬೆಳದೈತಿ.”

ಯಾರೂ ತಿದ್ದಲಿಲ್ಲ.

ಅವ್ವ ತೀರಿಹೋಗುವ ಮೊದಲು, ಹಾಸಿಗೆ ಹಿಡಿದಾಗ, ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು ಒಂದೇ ಮಾತು ಕೇಳಿಕೊಂಡಳು. “ನನ್ನಂತೂ ಮನಿಗೆ ಒಯ್ಯಾಕ ಆಗಲಿಲ್ಲ ನಿಮಗ. ಮೀನರ ಬಿಟ್ಟು ಬರ್ರಿ.”

ಅವ್ವನ ದಿನಗಳು ಮುಗಿದ ಮೇಲೆ ಗಿರಿಜಾ ಟ್ರಂಕು ತೆಗೆದು ಅವ್ವನ ಸೀರೆ ಮುಂದಿಟ್ಟಳು. “ಯಾವುದು ಬೇಕು ತಗೋರಿ ಅಕ್ಕಾರ.” ಇಳಕಲ್ಲಿನವಳಿಗೆ ಸೀರೆಯ ಬರವೇ? ನಮ್ಮ ಮನೆಯವರ ಅಂಗಡಿ ತುಂಬ ಅವೇ. ನಾನು ಮೀನು ಕೇಳಿದೆ. ನೀರು ಇಳಿಯುವವರೆಗೆ ನನ್ನ ಹತ್ತಿರ ಇರಲಿ ಎಂದೆ. ಮುಚ್ಚಳಕ್ಕೆ ತೂತು ಹೊಡೆದ ಬಕೆಟ್ಟನ್ನು ಕಾಲ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಅಮೀನಗಡದ ಹತ್ತಿರ ನೀರು ಕುಲುಕಿ ಸೀರೆ ಒದ್ದೆಯಾಯಿತು. ಕಂಡಕ್ಟರ್ ಬಗ್ಗಿ ನೋಡಿ, “ಇವರಿಗೆ ಹಾಫ್ ಟಿಕೆಟ್ ಏನ್ರಿ?” ಎಂದ. ಅವ್ವ ಹೋದಮೇಲೆ ನಾನು ನಕ್ಕಿದ್ದು ಅದೇ ಮೊದಲು. ಇಂಥ ಸಣ್ಣ ಸಣ್ಣ ದಯೆಗಳನ್ನು ದೇವರು ಬಸ್ಸಿನಲ್ಲೂ ಇಟ್ಟಿರುತ್ತಾನೆ.

ಆಮೇಲೆ ಶುರುವಾಯಿತು ಬೆಳೆಯುವ ಕಥೆ.

ನಮ್ಮ ಓಣಿಯವರಿಗೆಲ್ಲ ಒಂದೇ ಪ್ರಶ್ನೆ: ಇದು ಎಲ್ಲಿಯವರೆಗೆ ಬೆಳೆಯುತ್ತದೆ? ಅಂಗಡಿಯವನು ಕೊಡುವಾಗ ಹೇಳಿದ್ದನಂತೆ, “ಟ್ಯಾಂಕ್ ಎಷ್ಟೋ ಮೀನು ಅಷ್ಟ ಬೆಳಿತೈತಿ. ಚಿಂತಿ ಬ್ಯಾಡ.” ಈ ಮಾತು ನೀವೂ ಕೇಳಿರಬಹುದು. ಮೀನು ಸಾಕುವವರೆಲ್ಲ ಹೇಳುತ್ತಾರೆ. ಕೇಳಲು ಎಷ್ಟು ಹಿತವಾಗಿದೆ. ಸಣ್ಣ ಪೆಟ್ಟಿಗೆ ತಂದರೆ ಸಣ್ಣ ಮೀನು, ಮುಗಿಯಿತು.

ಸಹನಾ ಈಗ ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಾಳೆ. ಫೋನಿನಲ್ಲಿ ನನಗೆ ಪಾಠ ಮಾಡಿದಳು. ಎಲ್ಲಕ್ಕಿಂತ ಮೊದಲು ಜಾತಿಯಂತೆ. ಮೀಸೆಯಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ತಳದಲ್ಲಿ ಮರಳು ಕೆದಕುವ ಪುಟಾಣಿ ಮೀಸೆಮೀನು ಜೀವಮಾನವಿಡೀ ಹೆಬ್ಬೆರಳುದ್ದವೇ. ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವುದು ಒಂದಡಿ ದಾಟಬಹುದು. ನಮ್ಮ ಈ ಶಾರ್ಕ್ ಮಹಾರಾಯ ದೊಡ್ಡ ನೀರು ಸಿಕ್ಕರೆ ಮನುಷ್ಯನ ಸೊಂಟದೆತ್ತರ ಬೆಳೆಯುವ ಕುಲದವನು. ಹೊಟ್ಟೆಗೆ ಸರಿಯಾಗಿ ಬಿದ್ದರೆ ಮೊದಲ ಒಂದೆರಡು ವರ್ಷ ಭರಭರ ಬೆಳೆಯುತ್ತಾನೆ. ಆಮೇಲೆ ನಿಧಾನ. ಆದರೆ ನಿಲ್ಲುವುದಿಲ್ಲ.

ಉಳಿದದ್ದೆಲ್ಲ ನಾವು ಇಟ್ಟುಕೊಂಡ ಹಾಗೆ. ಬರೀ ಅನ್ನ ರೊಟ್ಟಿ ಹಾಕಿದರೆ ಮೈ ಹತ್ತುವುದಿಲ್ಲ. ಅತಿಯಾಗಿ ಹಾಕಿದರೆ ತಿಂದು ಉಳಿದದ್ದು ಕೊಳೆತು ನೀರು ಕೆಡುತ್ತದೆ. ನೀರು ಬೆಚ್ಚಗಿದ್ದರೆ ಹಸಿವು ಹೆಚ್ಚು, ಚಳಿಗಾಲದಲ್ಲಿ ಬಾಯಿಗೇ ಹಾಕುವುದಿಲ್ಲ. (ನಮ್ಮ ಕಡೆಯ ಬಿಸಿಲಿಗೆ ಅದು ಬೆಳೆದದ್ದರಲ್ಲಿ ಏನು ಆಶ್ಚರ್ಯ?) ಇನ್ನೊಂದು, ಇವು ಗುಂಪಿನಲ್ಲಿ ತಿರುಗುವ ಮೀನು. ಒಂಟಿಯಾಗಿಟ್ಟರೆ ಅಂಜುತ್ತವೆ. ಅಂಜಿದ ಜೀವಕ್ಕೆ ಉಂಡದ್ದು ಮೈಗೆ ಹತ್ತುತ್ತದೆಯೇ?

“ಹಂಗಾದ್ರ ಸಣ್ಣ ಟ್ಯಾಂಕಿನಾಗ ಇಟ್ಟರ ಸಣ್ಣದ ಉಳಿತೈತಿ ಅಂತಾರಲ್ಲ?” ಎಂದು ಕೇಳಿದೆ.

“ಉಳಿತೈತಿ ಅತ್ತಿ. ಆದ್ರ ಅದು ಹೊಂದ್ಕೊಂಡಿದ್ದಲ್ಲ. ಅದರ ಹೊಲಸು ನೀರು ಅದನ್ನ ಬೆಳಿಯಾಕ ಬಿಟ್ಟಿರೂದಿಲ್ಲ. ಬೆನ್ನು ಬಾಗತೈತಿ, ಆಯುಷ್ಯ ಕಡಿಮಿ ಆಕ್ಕೈತಿ. ನಾವು ನೋಡಿ, ಚಂದ ಹೊಂದ್ಕೊಂಡೈತಿ ಅಂತೀವಿ.”

ಫೋನು ಇಟ್ಟು, ಮೀನಿನ ಮುಂದೆ ಕುರ್ಚಿ ಎಳೆದು ಕುಳಿತೆ.

ನವನಗರಕ್ಕೆ ಬಂದಾಗ ಅವ್ವನ ಬಗ್ಗೆ ಎಲ್ಲರೂ ಇದೇ ಮಾತು ಹೇಳಿದ್ದರು. ಹೊಸ ಮನೆ, ಅಗಲ ರಸ್ತೆ, ಒಳಗೇ ನಳ. ಹೊಂದಿಕೊಳ್ಳುತ್ತಾಳೆ. ಅವ್ವ ದೂರಿದವಳೂ ಅಲ್ಲ. “ನೀರು ಮನ್ಯಾಗ ಬಂತು, ಶಿವನ ದಯಾ,” ಎಂದು ಕೈಮುಗಿದಳು. ಆದರೆ ಹಳೆ ಓಣಿಯಲ್ಲಿ ಹತ್ತು ಮನೆಗೆ ಕೇಳುವಂತೆ ಮಾತಾಡುತ್ತಿದ್ದವಳು ಇಲ್ಲಿ ಪಿಸುಮಾತಿಗೆ ಇಳಿದಳು. ಕಟ್ಟೆಯ ಮೇಲೆ ಕೂತು ಬಂದುಹೋಗುವವರನ್ನೆಲ್ಲ ತಡೆದು ಮಾತಾಡಿಸುವವಳು ಇಲ್ಲಿ ಗೇಟಿನ ಒಳಗೇ ಉಳಿದಳು. ನೋಡಿದವರು, ಅಜ್ಜಿ ಚೆನ್ನಾಗಿ ಹೊಂದಿಕೊಂಡಿದ್ದಾಳೆ ಎಂದರು.

ಅವ್ವ ಹೊಂದಿಕೊಂಡಿದ್ದಳೇ? ಸಣ್ಣದಾಗಿದ್ದಳು, ಅಷ್ಟೇ.

ಹೋಗಲಿ. ಮೀನು ಮೊಳ ಮುಟ್ಟುತ್ತ ಬಂತು. ಮನೆಯವರು ಎರಡು ಸಲ ಟ್ಯಾಂಕ್ ಬದಲಿಸಿದರು. “ಇನ್ನ ನಮ್ಮ ಹಾಸಗಿ ಹೊರಗ ಹಾಕಿ ಇವನನ್ನ ಕ್ವಾಣ್ಯಾಗ ಮಲಗಿಸಬೇಕು,” ಎಂದು ಬೈದರೂ ಅಂಗಡಿಗೆ ಹೋಗುವ ಮೊದಲು ಗಾಜಿಗೆ ಬೆರಳು ತಟ್ಟದೆ ಹೋಗುತ್ತಿರಲಿಲ್ಲ. ಆದರೆ ಈ ಬೇಸಿಗೆಯಲ್ಲಿ ಅದು ತಿರುಗಲು ಜಾಗವಿಲ್ಲದೆ ಒದ್ದಾಡತೊಡಗಿತು. ಬಾಗಿಲು ದಪ್ಪೆಂದರೆ ಸಾಕು, ಬೆಚ್ಚಿ ಗಾಜಿಗೆ ಹಾಯುವುದು. ಮೂತಿ ಕೆಂಪಗೆ ತರಚಿತು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಸಹನಾ ಎಚ್ಚರಿಸಿದಳು.

ಆ ವಾರವೇ ತಮ್ಮನ ಫೋನು. ಶಿವ ದಾರಿ ತೋರಿಸಿದ ಎಂದುಕೊಂಡೆ.

ನಸುಕಿನಲ್ಲೇ ನಾನೂ ಅಂಗಡಿಯ ಡ್ರೈವರೂ ಹೊರಟೆವು. ಸೀರೆ ಗಂಟು ಒಯ್ಯುವ ಸಣ್ಣ ಟೆಂಪೋದಲ್ಲಿ ನೀಲಿ ಡ್ರಮ್ಮು, ಡ್ರಮ್ಮಿನಲ್ಲಿ ಮೀನು, ಮೇಲೆ ತೂತಿನ ಮುಚ್ಚಳ, ಒದ್ದೆ ಬಟ್ಟೆ. ಪಕ್ಕದಲ್ಲಿ ನಾನು. ನವನಗರದಲ್ಲಿ ತಮ್ಮ, ಗಿರಿಜಾ, ಸಹನಾ ಹತ್ತಿಕೊಂಡರು. ಹತ್ತುತ್ತಲೇ ಅಪ್ಪ ಮಗಳ ಜಗಳ.

“ಅಪ್ಪಾ, ಹೊಳಿಗೆ ಬಿಡೂದು ಬ್ಯಾಡ. ಇದು ಈ ಕಡಿ ಮೀನಲ್ಲ, ಬ್ಯಾರೆ ದೇಶದ್ದು. ನಮ್ಮ ಕಾಲೇಜಿನ ಹಿತ್ತಲದಾಗ ದೊಡ್ಡ ತೊಟ್ಟಿ ಐತಿ, ಇಂಥವ ಅದಾವು. ಮೇಡಂಗೆ ಕೇಳೀನಿ, ಒಪ್ಪ್ಯಾರ.”

“ನಿಮ್ಮ ಅಜ್ಜಿ ತೊಟ್ಟ್ಯಾಗ ಬಿಡ್ರಿ ಅಂದಿದ್ದಳೇನು?”

“ಅಜ್ಜಿಗೆ ಅದು ಹೊಳಿಯಿಂದ ಬಂದೈತಿ ಅಂತ ನಾನ ಹೇಳಿದ್ದು.”

“ಹೇಳಿದಿ, ಆಕಿ ನಂಬಿದ್ಲು. ಈಗ ನಡಿಸಬೇಕು.”

ನನ್ನ ಮನಸ್ಸು ತಮ್ಮನ ಕಡೆಗೇ ಇತ್ತು.

ನೀರು ಸರಿದ ನೆಲ ಬಿರುಕು ಬಿಟ್ಟು ಹಪ್ಪಳದಂತೆ ಎದ್ದಿತ್ತು. ಮಣ್ಣಿನಲ್ಲಿ ಚಿಪ್ಪು, ಹೆಂಚಿನ ಚೂರು, ಯಾರದೋ ಬಾಗಿಲ ಕದದ ಕಬ್ಬಿಣ. ತಮ್ಮ ಮುಂದೆ ನಡೆದ. ನೀರಿನ ಅಂಚಿಗೆ ಹತ್ತು ಹೆಜ್ಜೆ ಈಚೆಗೆ ನಿಂತು, “ಇಲ್ಲೆ,” ಎಂದ.

ಕಟ್ಟೆಯ ಕಲ್ಲು ಪಾಚಿಗಟ್ಟಿ ಕಪ್ಪಾಗಿತ್ತು. ಒಳಗೆ ಎಂದರೆ ಒಳಗಿಲ್ಲ, ಬರೀ ನೆಲ. ಆದರೆ ಕಾಲು ತಾನಾಗಿ ತಿಳಿದುಕೊಂಡಿತು. ಇದು ಪಡಸಾಲೆ. ಇದು ದೇವರ ಕೋಣೆ. ಇಲ್ಲಿ ಎಡಕ್ಕೆ ತಿರುಗಿದರೆ ಅಡುಗೆಮನೆ. ತಿರುಗಿದೆ. ರುಬ್ಬುವ ಒಳಕಲ್ಲು ಅಲ್ಲೇ ಇತ್ತು. ಅದರ ಕುಳಿಯಲ್ಲಿ ಒಂದು ಬೊಗಸೆ ಹೊಳೆನೀರು ನಿಂತಿತ್ತು. ಅವ್ವ ಮೀನನ್ನು ದಿನಾ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ. ಐತವ್ವಾ, ಹಾಂಗ ಐತಿ. ಅಲ್ಲೇ ಕುಳಿತುಬಿಟ್ಟೆ.

ಗಿರಿಜಾ ಹತ್ತಿರ ಬಂದಳು. ಕೈಯಲ್ಲಿ ಚೀಲ. ನನಗೆ ಹೇಳದೆ ತಂದಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಅಡಿಕೆ, ಉತ್ತತ್ತಿ, ಕುಪ್ಪಸಕ್ಕೆ ಗುಳೇದಗುಡ್ಡದ ಒಂದು ಖಣ.

“ಸೆರಗು ಹಿಡೀರಿ ಅಕ್ಕಾರ. ಮಗಳು ತವರಿಗೆ ಬಂದು ಬರೀ ಉಡಿಲೆ ಹೋಗಬಾರದು.”

ಗೋಡೆಯಿಲ್ಲದ, ಮಾಳಿಗೆಯಿಲ್ಲದ ಮನೆಯಲ್ಲಿ, ಕಟ್ಟೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತೆ. ಗಿರಿಜಾ ನನ್ನ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಹಳೆ ಬಾಗಲಕೋಟೆಯ ಮನೆಯಲ್ಲಿ ನನ್ನ ಉಡಿ ತುಂಬಿ ಎಷ್ಟು ಕಾಲವಾಗಿತ್ತು. ತಮ್ಮ ಬೇರೆ ಕಡೆ ನೋಡುತ್ತ ನಿಂತ.

ಆಮೇಲೆ ಅವನೂ ಡ್ರೈವರೂ ಡ್ರಮ್ಮು ಎತ್ತಿಕೊಂಡು ಬಂದರು.

ಹತ್ತಿರದಲ್ಲಿ ಒಬ್ಬ ಹಿರಿಯ ಹರಗೋಲಿನಿಂದ ಬಲೆ ಎಳೆಯುತ್ತಿದ್ದ. ನಮ್ಮನ್ನು ನೋಡಿ ನಕ್ಕ. “ಬಿಡಾಕ ಬಂದೀರೇನ್ರಿ? ಬಿಡ್ರಿ ಬಿಡ್ರಿ. ಎಲ್ಲಿಗಿ ಹೋಗ್ತೈತಿ? ನಾಳೆ ನಾಡದ ನಮ್ಮ ಬಲಿಗೇ ಬರ್ತೈತಿ.” ಅವನ ಮಾತಿನಲ್ಲಿ ಕೆಟ್ಟದ್ದೇನಿರಲಿಲ್ಲ. ಅದು ಅವನ ಅನ್ನ.

ನಾನು ಡ್ರಮ್ಮಿನ ಮೇಲೆ ಕೈಯಿಟ್ಟೆ. ತಮ್ಮ ಮಾತ್ರ ಬಗ್ಗಲಿಲ್ಲ. “ಬಲಿಗೆ ಬೀಳೂದು ಬಿಡೂದು ಅದರ ಹಣೀಬರ. ಎರಡು ದಿನ ಇದ್ದರೂ ಮನ್ಯಾಗ ಇರ್ತೈತಿ.”

“ಅಪ್ಪಾ, ಬಲಿಗೆ ಬೀಳಲಿಲ್ಲ ಅಂದ್ರ?” ಸಹನಾ ಕೇಳಿದಳು. “ಇದು ಹೆಂಗ ಬೆಳಿತೈತಿ ನೋಡಿಯಲ್ಲ. ಇಲ್ಲಿ ಸಣ್ಣ ಮೀನಿನ ಕೂಳು ಇದು ತಿಂತೈತಿ. ಅವುಗಳ ಜಾಗಾ ಇದು ಹಿಡಿತೈತಿ. ಅವು ಎಲ್ಲಿಗಿ ಹೋಗಬೇಕು?”

ತಮ್ಮ ಮುಚ್ಚಳ ತೆಗೆದು ನನ್ನ ಮುಖ ನೋಡಿದ. ಹೇಳು ಎನ್ನುವಂತೆ. ಡ್ರಮ್ಮಿನೊಳಗೆ ಮೀನು ಅಲುಗದೆ ನಿಂತಿತ್ತು. ಮೂತಿಯ ಗಾಯ ಬಿಸಿಲಿಗೆ ಕಾಣುತ್ತಿತ್ತು. ಒಂದು ಸಲ ಡ್ರಮ್ಮು ಬಗ್ಗಿಸಿದರೆ ಅವ್ವನ ಕೊನೆಯ ಮಾತು ನಡೆದುಹೋಗುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಅವ್ವನ ಮೀನು ಅವ್ವನ ಅಡುಗೆಮನೆಯಲ್ಲಿ ತಿರುಗಾಡುತ್ತದೆ. ಈ ಆಸೆ ಎಷ್ಟು ಸಿಹಿಯಾಗಿತ್ತೆಂದರೆ, ಬರೆಯುವಾಗ ಈಗಲೂ ಅದರ ರುಚಿ ಬಾಯಲ್ಲಿ ಇದೆ.

“ಮಲ್ಲು, ಬ್ಯಾಡ,” ಎಂದೆ.

“ಅವ್ವನ ಮಾತು ಮೀರ್ತಿಯೇನ?”

“ಮನಿ ಹೋದ್ರ ಹೆಂಗ ಆಕ್ಕೈತಿ ಅಂತ ಅವ್ವಗ ಗೊತ್ತಿತ್ತಲ್ಲೋ. ಆಕಿ ಮೀನು ಇನ್ನೊಬ್ಬರ ಮನಿ ಕಸ್ಕೊಂಡ್ರ ಆಕಿಗಿ ಸೇರೂದಿಲ್ಲ.”

ತಮ್ಮ ನೀರಿನ ಕಡೆ ನೋಡಿದ. ಒಳಕಲ್ಲಿನ ಹತ್ತಿರ ಹೋಗಿ, ಅದರೊಳಗಿನ ನೀರನ್ನು ಬೊಗಸೆಯಲ್ಲಿ ಮೊಗೆದು ತಂದು ಡ್ರಮ್ಮಿಗೆ ಸುರಿದ. “ಇಷ್ಟರ ಮನಿ ನೀರು ಕುಡೀಲಿ,” ಎಂದ. ಮುಚ್ಚಳ ಮುಚ್ಚಿದ.

ಕಾಲೇಜಿನ ತೊಟ್ಟಿ ದೊಡ್ಡದು. ಸುತ್ತ ಬೇವಿನ ನೆರಳು. ನಮ್ಮದನ್ನು ಮೆಲ್ಲಗೆ ಬಿಟ್ಟಾಗ ತಳಕ್ಕೆ ಹೋಗಿ ಮೂಲೆ ಸೇರಿತು. ಅವ್ವನ ಹಾಗೆ ಗೇಟಿನೊಳಗೇ ಉಳಿಯುತ್ತದೇನೋ ಎಂದು ನನಗೆ ಕಳವಳ. ತುಸು ಹೊತ್ತಿಗೆ ಅತ್ತ ಕಡೆಯಿಂದ ಅದರಂಥವೇ ಎರಡು ಬಂದವು. ಕರಿಬೆನ್ನು, ಬೆಳ್ಳಿಹೊಟ್ಟೆ, ಮೀಸೆ. ಒಂದು ಸುತ್ತು ಸುತ್ತಿದವು. ನಮ್ಮದು ಮೂಲೆ ಬಿಟ್ಟು ಹೊರಟಿತು. ಮೂರೂ ಒಂದೇ ಸಾಲಿನಲ್ಲಿ, ಒಂದು ತಿರುಗಿದರೆ ಉಳಿದೆರಡೂ ತಿರುಗುತ್ತ ಸಾಗಿದವು. ಪಾಪ, ಬೆರಳುದ್ದ ಇದ್ದಾಗಿನಿಂದ ಮನುಷ್ಯರ ಮುಖ ನೋಡಿಯೇ ಬೆಳೆದ ಜೀವ ಅದು, ತನ್ನವರ ಮುಖ ಇವತ್ತು ಕಂಡಿತು.

“ಇನ್ನೂ ಬೆಳಿತೈತೇನ?” ಎಂದು ಕೇಳಿದೆ.

“ಬೆಳಿತೈತಿ ಅತ್ತಿ. ಬಂದಾಗೊಮ್ಮೆ ನೋಡಿಕೋತ ಹೋಗು.”

ನವನಗರಕ್ಕೆ ಬರಲು ನನಗೆ ಇನ್ನೊಂದು ನೆಪವಾಯಿತು. ಇದೂ ಒಂದು ದಯೆಯೇ. ತಮ್ಮನ ಮುಖ ಮಾತ್ರ ಬಿಗಿದೇ ಇತ್ತು. ಟೆಂಪೋ ಹೊರಡುವಾಗ ಕಿಟಕಿಯ ಹತ್ತಿರ ಬಂದು, “ಮುಂದಿನ ಸಲ ಕಟ್ಟಿ ಕಂಡರೂ ಫೋನ್ ಮಾಡ್ತೇನಿ,” ಎಂದ. ಅಷ್ಟೇ ಹೇಳಿದ. ಅಷ್ಟು ಸಾಕು.

ಮನೆಗೆ ಬಂದು ಕೈಕಾಲು ತೊಳೆದು ಉಡಿಯಕ್ಕಿಯನ್ನು ದೇವರ ಮುಂದೆ ಇಟ್ಟು ನಮಸ್ಕಾರ ಮಾಡಿದೆ. ತವರಿನಿಂದ ತಂದ ಅಕ್ಕಿಯನ್ನು ಹಾಗೇ ಇಡಬಾರದು, ಬೆಲ್ಲ ಹಾಕಿ ಅನ್ನ ಮಾಡಿ ಮನೆಯವರೆಲ್ಲ ಉಣ್ಣಬೇಕು. ಒಲೆ ಹಚ್ಚಿ, ಅಕ್ಕಿ ತೊಳೆದು, ಪಾತ್ರೆ ಹಿಡಿದು ನಿಂತಿದ್ದೇನೆ.

ನೀರೊಳಗಿನ ತವರಿನಿಂದ ಬಂದ ಅಕ್ಕಿಗೆ ಎಷ್ಟು ನೀರು ಇಡಬೇಕು, ನಿಮ್ಮಲ್ಲಿ ಯಾರಾದರೂ ಬಲ್ಲಿರಾ?